ಪದಚರ್ಚೆ: ಅಮೆರಿಕದ ಅಂತರ್ಯುದ್ಧದ ‘ಪೆರೋಲ್’ ಮತ್ತು ‘ವಿನಿಮಯ’

ಪ್ರಶ್ನೆ: ದಕ್ಷಿಣದ ಒಕ್ಕೂಟದ ಸೈನಿಕನೊಬ್ಬನ ಸೇವಾದಾಖಲೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘1863ರ ಜುಲೈ, ವಿಕ್ಸ್‌ಬರ್ಗ್‌ನಲ್ಲಿ ಪೆರೋಲ್, ಸೆಪ್ಟೆಂಬರ್, ವಿನಿಮಯ’ ಎಂದಿದೆ. ಬಿಟ್ಟು ಕಳಿಸಿದವನನ್ನು ಮತ್ತೆ ವಿನಿಮಯ ಮಾಡುವುದೇನು? ‘ಪೆರೋಲ್’ ಪದವನ್ನು ಹಾಗೇ ಇಡಬಹುದೇ?

ಉತ್ತರ: ಇಡದಿರುವುದು ಒಳ್ಳೆಯದು. ನಮ್ಮ ಪತ್ರಿಕೆಗಳಲ್ಲಿ ಪೆರೋಲ್ ಅಂದರೆ ಮಗಳ ಮದುವೆಗೋ ತಾಯಿಯ ಕಾಯಿಲೆಗೋ ಕೈದಿಗೆ ಸಿಗುವ ರಜೆ. ಅವಧಿ ಮುಗಿದರೆ ಮತ್ತೆ ಜೈಲು. ಇಲ್ಲಿನ ಸೆರೆಯಾಳು ವಾಪಸಾಗಬೇಕಿಲ್ಲ. ವಿನಿಮಯ ಆಗುವ ತನಕ ಆಯುಧ ಹಿಡಿಯುವುದಿಲ್ಲವೆಂದು ಮಾತು ಕೊಟ್ಟು ತನ್ನ ಕಡೆಗೆ ಹೋಗುತ್ತಾನೆ. ‘ಭಾಷೆ ಕೊಡು’ ಎಂಬ ನುಡಿ ನಮ್ಮಲ್ಲೇ ಇರುವಾಗ ‘ಭಾಷೆಯ ಮೇಲೆ ಬಿಡುಗಡೆ’ ಸಾಕು. ಬರೀ ‘ಬಿಡುಗಡೆ’ ಎಂದರೆ ಸೈನ್ಯದಿಂದಲೇ ಬಿಡುಗಡೆಯಾಯಿತೇನೋ ಅನ್ನಿಸುತ್ತದೆ. ಅವನ ಹೆಸರು ಸೈನ್ಯದ ಪಟ್ಟಿಯಲ್ಲೇ ಇರುತ್ತಿತ್ತು. ಉತ್ತರದವರಂತೂ (ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ಕಡೆಯವರು) ಹೀಗೆ ಭಾಷೆ ಕೊಟ್ಟು ಮರಳಿದ ತಮ್ಮ ಸೈನಿಕರನ್ನೇ ಮನೆಗೆ ಬಿಡದೆ ಅನಾಪೊಲಿಸ್, ಕೊಲಂಬಸ್‌ ಬಳಿಯ ಕ್ಯಾಂಪ್ ಚೇಸ್, ಸೇಂಟ್ ಲೂಯಿಸ್ ಶಿಬಿರಗಳಲ್ಲಿ ಕೂಡಿಹಾಕಿದರು.

ಭಾಷೆಯ ವ್ಯಾಪ್ತಿ ಯುದ್ಧಭೂಮಿಗಷ್ಟೇ ಸೀಮಿತವಲ್ಲ. ಕೋಟೆ ಕಾವಲು, ಪೊಲೀಸ್ ಕೆಲಸ, ಜೈಲು–ಉಗ್ರಾಣಗಳ ಪಹರೆ, ಸೈನಿಕರು ಸಾಮಾನ್ಯವಾಗಿ ಮಾಡುವ ಯಾವ ಕೆಲಸವೂ ಸಲ್ಲದು. 1862ರಲ್ಲಿ ಕ್ಯಾಂಪ್ ಚೇಸ್‌ನವರನ್ನು ಅಮೆರಿಕದ ಮೂಲನಿವಾಸಿಗಳಾದ ಡಕೋಟಾ ಜನರ ವಿರುದ್ಧ ಕಳಿಸಲು ಹೊರಟಾಗ ಅವರು ತಕರಾರು ತೆಗೆದದ್ದು ಇದೇ ಕಾರಣಕ್ಕೆ.

ಇನ್ನು ವಿನಿಮಯ. ಆಳು ಆಗಲೇ ತನ್ನ ಕಡೆ ಬಂದಾಗಿರುತ್ತದೆ. ಆಮೇಲೆ ಉಳಿಯುವುದು ಲೆಕ್ಕ ಚುಕ್ತಾ ಮಾಡುವ ಕೆಲಸ. 1862ರ ಜುಲೈ 22ರ ಡಿಕ್ಸ್–ಹಿಲ್ ಒಡಂಬಡಿಕೆಯ ಪ್ರಕಾರ (ಒಡಂಬಡಿಕೆಗೆ ಇಂಗ್ಲಿಷಿನಲ್ಲಿರುವ ‘ಕಾರ್ಟೆಲ್’ ಪದವನ್ನೇ ಉಳಿಸಿದರೆ ಮಾದಕವಸ್ತು ಜಾಲ ಕಣ್ಣಿಗೆ ಕಟ್ಟೀತು) ಸೆರೆಸಿಕ್ಕ 10 ದಿನದೊಳಗೆ ಭಾಷೆ ಪಡೆದು ಬಿಡಬೇಕು. ಒಪ್ಪಿಸುವ ಜಾಗ ಪೂರ್ವದಲ್ಲಿ ಜೇಮ್ಸ್ ನದಿಯ ಏಕೆನ್ಸ್ ಲ್ಯಾಂಡಿಂಗ್, ಪಶ್ಚಿಮದಲ್ಲಿ ವಿಕ್ಸ್‌ಬರ್ಗ್. ಬಳಿಕ ಎರಡೂ ಕಡೆಯ ವಿನಿಮಯಾಧಿಕಾರಿಗಳು ಪಟ್ಟಿ ಹಿಡಿದು ಕೂರುತ್ತಾರೆ. ಮೊದಲು ಸಮಾನ ದರ್ಜೆಗೆ ಸಮಾನ ದರ್ಜೆ, ಮಿಕ್ಕದ್ದಕ್ಕೆ ದರಪಟ್ಟಿ. ಸೇನಾಧಿಪತಿಗೆ 60 ಸಿಪಾಯಿ, ಮೇಜರ್ ಜನರಲ್‌ಗೆ 40, ಬ್ರಿಗೇಡಿಯರ್‌ಗೆ 20, ಕರ್ನಲ್‌ಗೆ 15, ಲೆಫ್ಟಿನೆಂಟ್ ಕರ್ನಲ್‌ಗೆ 10, ಮೇಜರ್‌ಗೆ 8, ಕ್ಯಾಪ್ಟನ್‌ಗೆ 6, ಲೆಫ್ಟಿನೆಂಟ್‌ಗೆ 4, ಸಾರ್ಜೆಂಟ್‌ ಮೊದಲಾದವರಿಗೆ 2. ಒಬ್ಬ ಕರ್ನಲ್‌ಗೆ ಒಬ್ಬ ಮೇಜರ್, ಒಬ್ಬ ಕ್ಯಾಪ್ಟನ್ ಸೇರಿದರೆ 14, ಇನ್ನೊಬ್ಬ ಸಿಪಾಯಿ ಸೇರಿದರೆ ಸರಿಹೋಯಿತು. ಲೆಕ್ಕದಲ್ಲಿ ಹೆಚ್ಚಾಗಿ ಉಳಿದವರು ಎದುರು ಕಡೆಯಲ್ಲಿ ಜೋಡಿ ಸಿಗುವ ತನಕ ಭಾಷೆಗೆ ಕಟ್ಟುಬಿದ್ದೇ ಇರಬೇಕು. ಆದ್ದರಿಂದ ‘ವಿನಿಮಯಗೊಂಡ’ ಎನ್ನುವುದಕ್ಕಿಂತ ‘ಭಾಷೆಯಿಂದ ಮುಕ್ತನಾದ’ ಎಂಬುದೇ ನನಗೆ ಮೇಲು.

ನಿಮ್ಮ ದಾಖಲೆಯಲ್ಲಿ ಇನ್ನೊಂದು ತೊಡಕಿದೆ. ವಿಕ್ಸ್‌ಬರ್ಗ್ ಶರಣಾದಾಗ ಉತ್ತರದ ಸೇನಾನಿ ಗ್ರಾಂಟ್ ಹೀಗೆ ಬಿಟ್ಟವರು 29,000ಕ್ಕೂ ಹೆಚ್ಚು. ಅಷ್ಟು ಜನರನ್ನು ಉತ್ತರಕ್ಕೆ ಸಾಗಿಸಲು ಹಡಗುಗಳನ್ನೆಲ್ಲ ತೊಡಗಿಸಬೇಕಾಗುತ್ತಿತ್ತು. ಸೆಪ್ಟೆಂಬರ್‌ನಲ್ಲಿ ದಕ್ಷಿಣದ ವಿನಿಮಯಾಧಿಕಾರಿ ರಾಬರ್ಟ್ ಓಲ್ಡ್, ಹೀಗೆ ಬಿಡುಗಡೆಯಾದವರಲ್ಲಿ ಬಹಳಷ್ಟು ಮಂದಿಯ ವಿನಿಮಯ ಆಯಿತೆಂದು ತಾನೇ ಘೋಷಿಸಿದ, ಉತ್ತರದವರು ಒಪ್ಪಲಿಲ್ಲ. ಹಾಗಾಗಿ ‘ವಿನಿಮಯವಾಯಿತೆಂದು ದಕ್ಷಿಣದವರು ಸಾರಿದರು’ ಎಂದೇ ಬರೆಯಿರಿ. ಉತ್ತರದ ಸೈನ್ಯದಲ್ಲಿದ್ದ ಕರಿಯ ಸೈನಿಕರನ್ನು ಯುದ್ಧಕೈದಿಗಳೆಂದು ದಕ್ಷಿಣದವರು ಒಪ್ಪದೆ ಆ ಹೊತ್ತಿಗೆ ವ್ಯವಸ್ಥೆಯೇ ಮುರಿಯುತ್ತಿತ್ತು.

ಮರುಪ್ರಶ್ನೆ: 1865ರ ಏಪ್ರಿಲ್, ಆಪೊಮ್ಯಾಟಕ್ಸ್‌ನ ಪೆರೋಲ್ ಚೀಟಿಗೂ ಇದೇ ಪದವೇ?

ಉತ್ತರ: ದಕ್ಷಿಣದ ಸೇನಾನಿ ಲೀ ಅಲ್ಲಿ ಶರಣಾದಾಗಿನ ಷರತ್ತಿನಲ್ಲಿ ‘ಸರಿಯಾಗಿ ವಿನಿಮಯ ಆಗುವ ತನಕ’ ಎಂಬ ಹಳೆಯ ಮಾತೇ ಇದೆ, ಆದ್ದರಿಂದ ಭಾಷೆಗೆ ಅದೇ ಪದ ಇರಲಿ. ಚೀಟಿಯ ಸಂಗತಿ ಬೇರೆ. ಸುಮಾರು 28,000 ಮಂದಿಗೆ ಅಲ್ಲೇ ಅಚ್ಚು ಹಾಕಿಸಿ ಹಂಚಿದ ಆ ಕಾಗದ, ತಮ್ಮನ್ನು ಯಾರೂ ತಡೆಯದಂತೆ ಊರು ಸೇರಲು ಅವರ ಕೈಲಿದ್ದ ಪತ್ರ. ಅದನ್ನು ‘ರಹದಾರಿ’ ಎನ್ನಬಹುದು.