ಫೋನಿನಲ್ಲಿ ನೆಟ್ಟಗಿರುವ ಫೋಟೋ ಕಂಪ್ಯೂಟರಿನಲ್ಲಿ ತಲೆಕೆಳಗಾಗುವುದೇಕೆ?

ಪ್ರಶ್ನೆ: ಕಾಗದಪತ್ರ

ನಮಸ್ಕಾರ. ನನ್ನ ಐಫೋನ್‌ನಲ್ಲಿ ತೆಗೆದ ಫೋಟೋಗಳು ಫೋನಿನ ಗ್ಯಾಲರಿಯಲ್ಲಿ ನೆಟ್ಟಗೆ ಕಾಣುತ್ತವೆ. ಅವನ್ನೇ ಕೇಬಲ್ ಮೂಲಕ ವಿಂಡೋಸ್ 7 ಇರುವ ಹಳೆಯ ಕಂಪ್ಯೂಟರಿಗೆ ನಕಲಿಸಿಕೊಂಡು ತೆರೆದರೆ ಕೆಲವು ಪೂರ್ತಿ ತಲೆಕೆಳಗಾಗಿಯೂ ಇನ್ನು ಕೆಲವು ಪಕ್ಕಕ್ಕೆ ಮಲಗಿದಂತೆಯೂ ಕಾಣುತ್ತವೆ. ಎಲ್ಲಕ್ಕೂ ಹೀಗೆಯೇ ಆಗಿದ್ದರೆ ಏನೋ ಒಂದು ಸೆಟ್ಟಿಂಗ್ ತಪ್ಪಿದೆ ಎಂದುಕೊಳ್ಳಬಹುದಿತ್ತು. ಆದರೆ ಫೋನನ್ನು ಅಡ್ಡ ಹಿಡಿದು ತೆಗೆದ ಫೋಟೋಗಳಲ್ಲೇ ಕೆಲವು ಸರಿಯಾಗಿವೆ, ಕೆಲವು ತಲೆಕೆಳಗಾಗಿವೆ.

ಅಂಥದೊಂದು ಫೋಟೋವನ್ನು ಕಂಪ್ಯೂಟರಿನ ಚಿತ್ರ ತಿದ್ದುವ ತಂತ್ರಾಂಶದಲ್ಲಿ ತಿರುಗಿಸಿ, ಉಳಿಸಿ, ಮತ್ತೆ ಫೋನಿಗೆ ಹಾಕಿ ನೋಡಿದರೆ ಈಗ ಅದು ಫೋನಿನಲ್ಲಿ ತಲೆಕೆಳಗಾಗಿದೆ, ಕಂಪ್ಯೂಟರಿನಲ್ಲಿ ನೆಟ್ಟಗಿದೆ. ಇದರ ಜೊತೆಗೆ, ಮೇಜಿನ ಮೇಲಿಟ್ಟ ಹಳೆಯ ಕೈಬರಹದ ಹಾಳೆಗಳನ್ನು ಮೇಲಿನಿಂದ ತೆಗೆದ ಫೋಟೋಗಳ ಪೈಕಿ ಹಲವು ಫೋನಿನಲ್ಲಿಯೇ ತಲೆಕೆಳಗಾಗಿವೆ. ಕ್ಯಾಮೆರಾದಲ್ಲಿ ದೋಷವಿದೆಯೇ? ಪರದೆ ತಿರುಗದಂತೆ ಲಾಕ್ ಮಾಡಿಟ್ಟಿರುವುದು ಇದಕ್ಕೆ ಕಾರಣವೇ? ನೂರಾರು ಫೋಟೋಗಳಿರುವುದರಿಂದ, ಗುಣಮಟ್ಟ ಕೆಡದಂತೆ ಎಲ್ಲವನ್ನೂ ಒಟ್ಟಿಗೆ ಸರಿಪಡಿಸುವ ದಾರಿಯಿದ್ದರೆ ದಯವಿಟ್ಟು ತಿಳಿಸಿ.

ಉತ್ತರ: ಅವಸರ

ಫೋನಿನಲ್ಲಿ ಫೋಟೋ ತೆರೆದು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಅದು ಎಲ್ಲಿ ತೆರೆದರೂ ನೆಟ್ಟಗೇ ಕಾಣುತ್ತದೆ. ನಾನು ಬಹಳ ಕಾಲದಿಂದ ಹೀಗೆಯೇ ಮಾಡುತ್ತಿದ್ದೇನೆ.

ಉತ್ತರ: ಬೆಳಕಿಂಡಿ

ಸ್ಕ್ರೀನ್‌ಶಾಟ್ ನೆಟ್ಟಗೆ ಕಾಣುವುದೇನೋ ನಿಜ. ಆದರೆ ಅದರಲ್ಲಿ ಉಳಿಯುವುದು ಪರದೆಯ ಮೇಲಿದ್ದಷ್ಟು ವಿವರ ಮಾತ್ರ. ಮಾಸಿದ ಶಾಯಿಯ ಕೈಬರಹವನ್ನು ಮುಂದೆ ಹಿಗ್ಗಿಸಿ ಓದಬೇಕಾದವರಿಗೆ ಅದು ತಕ್ಕ ದಾರಿಯಲ್ಲ, ತೆಗೆದ ದಿನಾಂಕವೂ ಅದರಲ್ಲಿ ಕಳೆದುಹೋಗುತ್ತದೆ.

ಕಾಗದಪತ್ರ ಅವರೇ, ನಿಮ್ಮ ಕ್ಯಾಮೆರಾ ಚೆನ್ನಾಗಿಯೇ ಇದೆ. ನೀವು ಹೇಳಿದ್ದರಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಬೆರೆತಿವೆ. ಅವನ್ನು ಬಿಡಿಸಿಕೊಳ್ಳದೆ ಸಿಕ್ಕಿದ್ದನ್ನೆಲ್ಲ ತಿರುಗಿಸುತ್ತ ಹೋದರೆ ಒಂದು ಕಡೆ ಸರಿಹೋದದ್ದು ಇನ್ನೊಂದು ಕಡೆ ಕೆಡುತ್ತದೆ. ನಿಮ್ಮ ಆ ಒಂದು ಫೋಟೋಗೆ ಆಗಿರುವುದೂ ಇದೇ.

ಫೋನಿನೊಳಗೆ ಕ್ಯಾಮೆರಾದ ಸೆನ್ಸರ್ ಅನ್ನು ಒಂದೇ ದಿಕ್ಕಿಗೆ ಕೂರಿಸಿರುತ್ತಾರೆ. ನೀವು ಫೋನನ್ನು ಉದ್ದಕ್ಕೆ ಹಿಡಿಯಿರಿ, ಅಡ್ಡ ಹಿಡಿಯಿರಿ, ಅದು ತನ್ನ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಅದೇ ಕ್ರಮದಲ್ಲಿ ಚಿತ್ರವನ್ನು ಓದಿ ಕೊಡುತ್ತದೆ. ಆ ಗಳಿಗೆಯಲ್ಲಿ ಫೋನಿನ ಯಾವ ಅಂಚು ಮೇಲಿತ್ತು ಎಂಬುದನ್ನು ಆಕ್ಸೆಲೆರೋಮೀಟರ್ ಎಂಬ ಪುಟ್ಟ ಭಾಗವು ಗುರುತ್ವದ ಸೆಳೆತದಿಂದ ಅರಿಯುತ್ತದೆ. ಐಫೋನ್ ಸೇರಿದಂತೆ ಅನೇಕ ಫೋನುಗಳು ಕೋಟಿಗಟ್ಟಲೆ ಪಿಕ್ಸೆಲ್‌ಗಳನ್ನು ತಿರುಗಿಸಿ ಬರೆಯುವ ಗೋಜಿಗೆ ಹೋಗದೆ, ಓದಿದ್ದನ್ನು ಓದಿದಂತೆಯೇ ಕಡತದಲ್ಲಿಟ್ಟು, ಪಕ್ಕದಲ್ಲಿ ‘ತೋರಿಸುವಾಗ ಇಷ್ಟು ತಿರುಗಿಸಿ’ ಎಂದು ಒಂದು ಅಂಕಿಯನ್ನು ಬರೆದಿಡುತ್ತವೆ. ಸರಕಿನ ಪೆಟ್ಟಿಗೆಯ ಮೇಲೆ ‘ಈ ಬದಿ ಮೇಲಕ್ಕೆ’ ಎಂದು ಬರೆದಂತೆ: ಓದಿದವನು ಸರಿಯಾಗಿ ಇಡುತ್ತಾನೆ, ಓದದವನು ಬಂದಂತೆ ಇಳಿಸುತ್ತಾನೆ.

ಈ ಅಂಕಿ ಇರುವುದು ಎಕ್ಸಿಫ್ ಎಂಬ ಮಾಹಿತಿಯ ಭಾಗದಲ್ಲಿ. ಎಕ್ಸಿಫ್‌ನ ಮೊದಲ ಆವೃತ್ತಿ 1995ರಲ್ಲಿ ಜಪಾನಿನಲ್ಲಿ ಹೊರಬಂದಿತು. ಓರಿಯೆಂಟೇಶನ್ ಎಂಬ ಹೆಸರಿನ ಈ ಗುರುತಿಗೆ 1ರಿಂದ 8ರವರೆಗಿನ ಬೆಲೆಗಳಿದ್ದು, ನಿಮಗೆ ಬೇಕಾದವು ನಾಲ್ಕೇ. 1 ಎಂದರೆ ಇದ್ದಂತೆಯೇ ತೋರಿಸಬೇಕು, 3 ಎಂದರೆ ಅರ್ಧ ಸುತ್ತು ತಿರುಗಿಸಬೇಕು, 6 ಎಂದರೆ ಬಲಕ್ಕೆ ಕಾಲು ಸುತ್ತು, 8 ಎಂದರೆ ಎಡಕ್ಕೆ ಕಾಲು ಸುತ್ತು. ಉಳಿದ ನಾಲ್ಕು ಕನ್ನಡಿಯಲ್ಲಿ ಕಂಡಂತೆ ಮಗುಚಿದ ಚಿತ್ರಗಳಿಗೆ ಮೀಸಲು.

ಅಡ್ಡ ಹಿಡಿದವುಗಳಲ್ಲಿ ಕೆಲವು ಮಾತ್ರ ತಲೆಕೆಳಗಾದದ್ದೇಕೆ ಎಂಬುದಕ್ಕೆ ಈಗ ಉತ್ತರ ಸಿಗುತ್ತದೆ. ಐಫೋನ್‌ನ ಹಿಂಬದಿ ಕ್ಯಾಮೆರಾದ ಮಟ್ಟಿಗೆ, ಧ್ವನಿ ಏರಿಸಿ ಇಳಿಸುವ ಗುಂಡಿಗಳು ಕೆಳಗೆ ಬರುವಂತೆ ಅಡ್ಡ ಹಿಡಿದರೆ ಅಂಕಿ 1 ಆಗಿರುತ್ತದೆ. ಅವು ಮೇಲೆ ಬರುವಂತೆ ಹಿಡಿದರೆ 3 ಆಗುತ್ತದೆ. 2011ರಲ್ಲಿ ಬಂದ ಐಒಎಸ್ 5ರಿಂದ ಆ ಗುಂಡಿಯನ್ನೇ ಒತ್ತಿ ಫೋಟೋ ತೆಗೆಯಬಹುದಾಗಿದೆ, ಮತ್ತು ಗುಂಡಿಗಳು ಮೇಲಿರುವಂತೆ ಹಿಡಿದಾಗ ಅವು ಬಲಗೈ ತೋರುಬೆರಳಿನ ಬಳಿಗೆ, ಕ್ಯಾಮೆರಾದ ಕ್ಲಿಕ್ ಗುಂಡಿ ಇರುವ ಕಡೆಗೇ ಬರುತ್ತವೆ. ಹಾಗಾಗಿ ಬಹಳ ಮಂದಿ ಸಹಜವೆಂದು ಹಿಡಿಯುವ ಕ್ರಮವೇ ಅಂಕಿಯನ್ನು ಓದದ ತಂತ್ರಾಂಶದಲ್ಲಿ ತಲೆಕೆಳಗಾಗಿ ಕಾಣುವ ಕ್ರಮವಾಗಿದೆ. ನಿಮ್ಮ ವಿಂಡೋಸ್ 7ರ ಜೊತೆ ಬರುವ ಫೋಟೋ ವೀಕ್ಷಕವು ಈ ಅಂಕಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ವಿಂಡೋಸ್ 8ರಿಂದೀಚೆಗೆ ಆ ಕೊರತೆ ನೀಗಿದೆ.

ಪರದೆಯ ಲಾಕ್‌ಗೂ ಇದಕ್ಕೂ ಸಂಬಂಧವಿಲ್ಲ. ಲಾಕ್ ಇದ್ದರೂ ಐಫೋನ್‌ನ ಕ್ಯಾಮೆರಾ ಆಕ್ಸೆಲೆರೋಮೀಟರ್ ಹೇಳಿದ ದಿಕ್ಕನ್ನೇ ಬರೆದುಕೊಳ್ಳುತ್ತದೆ.

ಯಾವುದನ್ನೂ ತಿರುಗಿಸುವ ಮೊದಲು ಒಂದು ಪರೀಕ್ಷೆ ಮಾಡಿ. ತಲೆಕೆಳಗಾಗಿ ಕಾಣುವ ಮೂಲ ಕಡತವನ್ನು ಹೊಸ ಕಂಪ್ಯೂಟರಿನಲ್ಲೋ ಇತ್ತೀಚಿನ ಬ್ರೌಸರ್‌ನಲ್ಲೋ ತೆರೆಯಿರಿ. ಅಲ್ಲಿ ನೆಟ್ಟಗೆ ಕಂಡರೆ ಕಡತದಲ್ಲಿ ಏನೂ ತಪ್ಪಿಲ್ಲ, ನೋಡುವ ತಂತ್ರಾಂಶವನ್ನು ಬದಲಿಸಿದರೆ ಸಾಕು. ಅಲ್ಲಿಯೂ ತಲೆಕೆಳಗಾಗಿ ಕಂಡರೆ ಮಾತ್ರ ಕಡತಕ್ಕೆ ಕೈಹಾಕಬೇಕು.

ಕಾಗದಪತ್ರ

ವಿವರವಾದ ಉತ್ತರಕ್ಕೆ ಧನ್ಯವಾದಗಳು. ಪರೀಕ್ಷೆ ಮಾಡಿದೆ. ಹೊರಗೆ ತೆಗೆದ ಫೋಟೋಗಳೆಲ್ಲ ಹೊಸ ಬ್ರೌಸರ್‌ನಲ್ಲಿ ನೆಟ್ಟಗೆ ಕಾಣುತ್ತಿವೆ, ಅಂದರೆ ಅವುಗಳ ಚಿಂತೆಯಿಲ್ಲ. ಹಾಳೆಗಳ ಫೋಟೋಗಳು ಮಾತ್ರ ಎಲ್ಲಿ ತೆರೆದರೂ ತಲೆಕೆಳಗಾಗಿವೆ. ನಾನು ಪ್ರತಿ ಹಾಳೆಯನ್ನೂ ನನ್ನ ಎದುರಿಗೆ ನೆಟ್ಟಗಿಟ್ಟುಕೊಂಡೇ ತೆಗೆದಿದ್ದೆ. ಹಾಗಿದ್ದೂ ಒಂದು ಹಾಳೆ ಸರಿಯಾಗಿ ಬಂದು ಮುಂದಿನದು ತಿರುಗುವುದೇಕೆ?

ಉತ್ತರ: ಹಸ್ತಪ್ರತಿ

ಹಾಳೆಗಳನ್ನು ಫೋಟೋ ತೆಗೆಯುವುದು ನನ್ನ ದಿನನಿತ್ಯದ ಕೆಲಸವಾದ್ದರಿಂದ ಇದಕ್ಕೆ ನಾನು ಉತ್ತರಿಸುತ್ತೇನೆ.

ಆಕ್ಸೆಲೆರೋಮೀಟರ್‌ಗೆ ತಿಳಿಯುವುದು ಗುರುತ್ವದ ದಿಕ್ಕು ಮಾತ್ರ. ಫೋನನ್ನು ನೆಟ್ಟಗೆ ಹಿಡಿದಾಗ ಆ ಸೆಳೆತ ಫೋನಿನ ಯಾವುದೋ ಒಂದು ಅಂಚಿನ ಕಡೆಗಿರುತ್ತದೆ, ಆದ್ದರಿಂದ ಮೇಲ್ಯಾವುದು ಕೆಳಗ್ಯಾವುದು ಎಂಬುದು ಸ್ಪಷ್ಟವಾಗುತ್ತದೆ. ಮೇಜಿನ ಮೇಲಿನ ಹಾಳೆಗೆ ಸಮಾನಾಂತರವಾಗಿ ಫೋನನ್ನು ಚಾಚಿದಾಗ ಸೆಳೆತವು ಪರದೆಯಿಂದ ಹಿಂಬದಿಗೆ ನೇರವಾಗಿ ಹಾದುಹೋಗುತ್ತದೆ. ಆಗ ನಾಲ್ಕೂ ಅಂಚುಗಳು ಅದಕ್ಕೆ ಒಂದೇ. ನೀವು ಮೇಜಿನ ಯಾವ ಬದಿಯಲ್ಲಿ ನಿಂತಿದ್ದೀರಿ ಎಂದು ತಿಳಿಯಲು ಫೋನಿಗೆ ಬೇರೆ ದಾರಿಯಿಲ್ಲದ್ದರಿಂದ ಅದು ಹಿಂದೆ ತಿಳಿದಿದ್ದ ದಿಕ್ಕನ್ನೇ ಇಟ್ಟುಕೊಳ್ಳುತ್ತದೆ, ಇಲ್ಲವೇ ಕೈ ಒಂದಿಷ್ಟು ವಾಲಿದರೆ ವಾಲಿದ ಕಡೆಯನ್ನು ಕೆಳಗೆಂದು ಭಾವಿಸುತ್ತದೆ. ಹಾಳೆಯ ಮೇಲ್ತುದಿಯೂ ಚೌಕಟ್ಟಿನೊಳಗೆ ಬರಲೆಂದು ಮುಂದಕ್ಕೆ ಬಾಗಿದಾಗ ಫೋನಿನ ಮೇಲಂಚು ಕೆಳಂಚಿಗಿಂತ ತುಸು ತಗ್ಗುತ್ತದೆ. ಅಷ್ಟರಿಂದಲೇ ಇಡೀ ಹಾಳೆ ತಲೆಕೆಳಗಾಗಲು ಸಾಧ್ಯ.

ಇದಕ್ಕೆ ಉಪಾಯ ಕ್ಯಾಮೆರಾ ಆ್ಯಪ್‌ನ ಪರದೆಯ ಮೇಲೇ ಇದೆ. ಫೋನು ದಿಕ್ಕನ್ನು ಬದಲಿಸಿಕೊಂಡಾಗ ಫ್ಲ್ಯಾಶ್‌ನ ಚಿಹ್ನೆಯೂ ಅದರ ಅಕ್ಕಪಕ್ಕದ ಪುಟ್ಟ ಚಿಹ್ನೆಗಳೂ ನಿಂತಲ್ಲೇ ಹೊರಳುತ್ತವೆ. ಫೋನನ್ನು ಮೊದಲು ಎದೆಯ ಎತ್ತರದಲ್ಲಿ ನೆಟ್ಟಗೆ ಹಿಡಿದು, ಚಿಹ್ನೆಗಳು ನಿಮ್ಮ ಕಣ್ಣಿಗೆ ನೇರವಾಗಿರುವುದನ್ನು ಖಚಿತಪಡಿಸಿಕೊಂಡು, ಆಮೇಲೆ ನಿಧಾನವಾಗಿ ಹಾಳೆಯ ಮೇಲಕ್ಕೆ ಬಾಗಿಸಿರಿ. ಕ್ಲಿಕ್ ಮಾಡುವ ಮುನ್ನ ಚಿಹ್ನೆ ಹೊರಳಿದ್ದು ಕಂಡರೆ ಮತ್ತೆ ಎತ್ತಿ ಇಳಿಸಿರಿ. ಅಭ್ಯಾಸವಾದ ಮೇಲೆ ಇದಕ್ಕೆ ಸಮಯವೇನೂ ಹಿಡಿಯುವುದಿಲ್ಲ. ಇನ್ನೂ ಒಳ್ಳೆಯದೆಂದರೆ ಹಾಳೆಯನ್ನೇ ಇಳಿಜಾರು ಹಲಗೆಯೊಂದಕ್ಕೆ ಒರಗಿಸಿಡುವುದು. ಆಗ ಫೋನೂ ಓರೆಯಾಗಿ ನಿಲ್ಲುವುದರಿಂದ ಗುರುತ್ವದ ಸುಳಿವು ತಪ್ಪುವುದಿಲ್ಲ, ನಿಮ್ಮ ನೆರಳು ಹಾಳೆಯ ಮೇಲೆ ಬೀಳುವುದೂ ಕಡಿಮೆಯಾಗುತ್ತದೆ.

ಈಗಾಗಲೇ ತೆಗೆದವುಗಳು ಕೆಲವೇ ಇದ್ದರೆ ಫೋನಿನಲ್ಲೇ ತಿದ್ದಿಕೊಳ್ಳಬಹುದು: ಫೋಟೋ ತೆರೆದು, ತಿದ್ದುವ ಆಯ್ಕೆಗೆ ಹೋಗಿ, ಕತ್ತರಿಸುವ ವಿಭಾಗದಲ್ಲಿರುವ ತಿರುಗಿಸುವ ಗುಂಡಿಯನ್ನು ಎರಡು ಸಲ ಒತ್ತಿ ಉಳಿಸಿ. ಐಫೋನ್‌ನಲ್ಲಿ ಹೀಗೆ ತಿದ್ದಿದ ಮೇಲೂ ಮೂಲ ಹಾಗೆಯೇ ಉಳಿದಿರುತ್ತದೆಂಬುದನ್ನು ಮರೆಯಬೇಡಿ. ಕೇಬಲ್ ಹಾಕಿ ನಕಲಿಸುವಾಗ ಎರಡೂ ಕಾಣಿಸಬಹುದು; ತಿದ್ದಿದ ಪ್ರತಿಯ ಹೆಸರಿನಲ್ಲಿ ಅಂಕಿಗಳು ಶುರುವಾಗುವ ಮೊದಲು ಇ (E) ಎಂಬ ಇಂಗ್ಲಿಷ್ ಅಕ್ಷರ ಸೇರಿರುತ್ತದೆ. ಅದನ್ನು ಗಮನಿಸದೆ ಮೂಲವನ್ನೇ ಎತ್ತಿಕೊಂಡವರು ‘ಎಷ್ಟು ತಿದ್ದಿದರೂ ಸರಿಹೋಗುತ್ತಿಲ್ಲ’ ಎಂದು ದೂರುವುದನ್ನು ಕೇಳುತ್ತಲೇ ಇರುತ್ತೇನೆ.

ಉತ್ತರ: ಎಂಟೆಂಟುಚೌಕ

ನೂರಾರು ಹಾಳೆಗಳಿಗೆ ಬೆರಳು ಸವೆಸುವ ಅಗತ್ಯವಿಲ್ಲ. ಮೂಲಗಳನ್ನು ಬೇರೊಂದು ಕಡೆ ನಕಲು ಮಾಡಿಟ್ಟುಕೊಂಡು, ತಲೆಕೆಳಗಾದವನ್ನಷ್ಟೇ ಒಂದು ಫೋಲ್ಡರ್‌ಗೆ ಸೇರಿಸಿಕೊಳ್ಳಿ. ಆಮೇಲೆ ಎರಡು ದಾರಿಗಳಿವೆ.

ಮೊದಲನೆಯದು ಅಂಕಿಯನ್ನು ಮಾತ್ರ ಬದಲಿಸುವುದು. ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶವು ಒಂದೇ ಆದೇಶದಲ್ಲಿ ಫೋಲ್ಡರ್‌ನ ಎಲ್ಲ ಕಡತಗಳ ಓರಿಯೆಂಟೇಶನ್ ಅಂಕಿಯನ್ನು ನೀವು ಹೇಳಿದಂತೆ ಬರೆಯುತ್ತದೆ, ಪಿಕ್ಸೆಲ್‌ಗಳನ್ನು ಮುಟ್ಟುವುದೇ ಇಲ್ಲ. ಅರ್ಧ ಸುತ್ತು ತಿರುಗಬೇಕಾದರೆ 1 ಇದ್ದದ್ದನ್ನು 3 ಮಾಡಬೇಕು, 3 ಇದ್ದದ್ದನ್ನು 1 ಮಾಡಬೇಕು, 6 ಮತ್ತು 8 ಹಾಗೆಯೇ ಅದಲುಬದಲಾಗಬೇಕು. ಕಾಗದಪತ್ರ ಅವರು ತಿರುಗಿಸಿ ಫೋನಿಗೆ ಮರಳಿಸಿದ ಆ ಫೋಟೋಗೂ ಇದೇ ಔಷಧ. ಅವರ ತಂತ್ರಾಂಶ ಪಿಕ್ಸೆಲ್‌ಗಳನ್ನು ತಿರುಗಿಸಿತು, ಆದರೆ ಪಕ್ಕದಲ್ಲಿದ್ದ 3 ಅನ್ನು ಹಾಗೆಯೇ ಬಿಟ್ಟಿತು. ವಿಂಡೋಸ್ 7 ಆ ಅಂಕಿಯನ್ನು ನೋಡದ್ದರಿಂದ ಅಲ್ಲಿ ಚಿತ್ರ ನೆಟ್ಟಗಾಯಿತು, ಫೋನು ನೋಡಿದ್ದರಿಂದ ಇನ್ನೊಮ್ಮೆ ಅರ್ಧ ಸುತ್ತು ತಿರುಗಿಸಿತು. ಅಂಕಿಯನ್ನು 1 ಮಾಡಿದರೆ ಎರಡೂ ಕಡೆ ನೆಟ್ಟಗಾಗುತ್ತದೆ.

ಆದರೆ ಹಳೆಯ ಕಂಪ್ಯೂಟರಿನಲ್ಲೂ ನೆಟ್ಟಗೆ ಕಾಣಬೇಕೆಂದರೆ ಎರಡನೆಯ ದಾರಿಯೇ ಬೇಕು, ಅಂದರೆ ಪಿಕ್ಸೆಲ್‌ಗಳನ್ನೇ ತಿರುಗಿಸಿ ಅಂಕಿಯನ್ನು 1 ಮಾಡುವುದು. ಸಾಮಾನ್ಯ ತಂತ್ರಾಂಶಗಳು ಇದಕ್ಕಾಗಿ ಜೆಪೆಗ್ (ಫೋಟೋಗಳನ್ನು ಒತ್ತಿ ಚಿಕ್ಕದಾಗಿಸಿ ಉಳಿಸುವ .jpg ಬಗೆಯ ಕಡತ) ಚಿತ್ರವನ್ನು ಬಿಚ್ಚಿ ಮತ್ತೆ ಒತ್ತಿಡುತ್ತವೆ, ಆಗ ಗುಣಮಟ್ಟ ಪ್ರತಿ ಸಲವೂ ಸ್ವಲ್ಪ ಕುಗ್ಗುತ್ತದೆ. ಇದನ್ನು ತಪ್ಪಿಸಬಹುದು. ಜೆಪೆಗ್ ಚಿತ್ರವು 8ಕ್ಕೆ 8 ಪಿಕ್ಸೆಲ್‌ಗಳ ಚೌಕಗಳಾಗಿ ಒತ್ತಿಟ್ಟಿರುತ್ತದೆ. ಬಣ್ಣದ ವಿವರವನ್ನು ತಗ್ಗಿಸಿಟ್ಟ ಚಿತ್ರಗಳಲ್ಲಿ ಈ ಘಟಕ ಸಾಮಾನ್ಯವಾಗಿ 16ಕ್ಕೆ 16 ಆಗುತ್ತದೆ. ಚೌಕಗಳನ್ನು ಬಿಚ್ಚದೆಯೇ ಜಾಗ ಬದಲಿಸಿ, ಒಳಗಿನ ಅಂಕಿಗಳ ಚಿಹ್ನೆಯನ್ನೂ ಕ್ರಮವನ್ನೂ ಮಾರ್ಪಡಿಸಿದರೆ ಚಿತ್ರ ತಿರುಗುತ್ತದೆ, ಒಂದು ಚೂರೂ ನಷ್ಟವಾಗುವುದಿಲ್ಲ. ಜೆಪೆಗ್‌ಟ್ರಾನ್ ಎಂಬ ಸಾಧನ ಮಾಡುವುದು ಇದನ್ನೇ. ಆದೇಶಗಳನ್ನು ಟೈಪ್ ಮಾಡಲು ಹಿಂಜರಿಯುವವರು ವಿಂಡೋಸ್‌ನಲ್ಲಿ ಇರ್ಫಾನ್‌ವ್ಯೂ ಬಳಸಿ, ಬೇಕಾದ ಫೋಟೋಗಳನ್ನೆಲ್ಲ ಗುರುತು ಮಾಡಿ, ನಷ್ಟವಿಲ್ಲದ ತಿರುಗಿಸುವಿಕೆಯನ್ನು ಒಟ್ಟಿಗೆ ನಡೆಸಬಹುದು; ಅದಕ್ಕೆ ಅದರ ಪ್ಲಗಿನ್‌ಗಳನ್ನೂ ಹಾಕಿಕೊಂಡಿರಬೇಕು.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಚಿತ್ರದ ಉದ್ದಗಲಗಳು ಆ ಘಟಕದಿಂದ ಭಾಗವಾಗದಿದ್ದರೆ ಅಂಚಿನ ಅರೆಬರೆ ಚೌಕಗಳು ತಿರುಗಲಾರವು. 12 ಮೆಗಾಪಿಕ್ಸೆಲ್‌ನ 4032 × 3024 ಅಳತೆಯ ಫೋಟೋದಲ್ಲಿ ಎರಡೂ ಸಂಖ್ಯೆಗಳು 16ರಿಂದ ನಿಶ್ಶೇಷವಾಗಿ ಭಾಗವಾಗುತ್ತವೆ (252 ಮತ್ತು 189), ಹಾಗಾಗಿ ಫೋನಿನಿಂದ ನೇರವಾಗಿ ಬಂದ ಅಂಥ ಫೋಟೋಗಳಿಗೆ ತೊಂದರೆಯಿಲ್ಲ. ಕೈಯಾರೆ ಅಂಚು ಕತ್ತರಿಸಿದ ಫೋಟೋಗಳಲ್ಲಿ ಈ ಲೆಕ್ಕ ಕೂಡುವುದು ಅಪರೂಪ. ಆದ್ದರಿಂದ ಮೊದಲು ತಿರುಗಿಸಿ, ಆಮೇಲೆ ಕತ್ತರಿಸಿ.

ಕಾಗದಪತ್ರ

ಇರ್ಫಾನ್‌ವ್ಯೂ ಬಳಸಿ ಹಾಳೆಗಳೆಲ್ಲ ಸರಿಹೋದವು. ಎಲ್ಲರಿಗೂ ಧನ್ಯವಾದಗಳು. ಇನ್ನೆರಡು ಸಣ್ಣ ಸಂದೇಹಗಳಿವೆ. ಫೋನಿನಿಂದ ಜಾಲತಾಣದ ಅರ್ಜಿಯೊಂದಕ್ಕೆ ನೇರವಾಗಿ ಏರಿಸಿದ ಫೋಟೋ, ಕಡತ ಸರಿಯಿದ್ದರೂ, ಅಲ್ಲಿ ತಲೆಕೆಳಗಾಗಿ ಕಂಡಿತು. ವಿಡಿಯೋಗಳಿಗೂ ಹೀಗೆ ಆಗುತ್ತದೆಯೇ?

ಉತ್ತರ: ಬೆಳಕಿಂಡಿ

ಫೋಟೋದ ಎಕ್ಸಿಫ್‌ನಲ್ಲಿ ತೆಗೆದ ಸ್ಥಳದ ಮಾಹಿತಿಯೂ ಇರಬಹುದಾದ್ದರಿಂದ, ಖಾಸಗಿತನ ಕಾಯಲೆಂದು ಅನೇಕ ತಾಣಗಳು ಆ ಭಾಗವನ್ನು ಪೂರ್ತಿ ಅಳಿಸಿಹಾಕುತ್ತವೆ. ಅಳಿಸುವ ಮೊದಲು ಪಿಕ್ಸೆಲ್‌ಗಳನ್ನು ತಿರುಗಿಸಿಕೊಂಡರೆ ಸರಿ, ಹಾಗೆ ಮಾಡದಿದ್ದರೆ ಸ್ಥಳದ ಜೊತೆ ದಿಕ್ಕೂ ಹೋಗುತ್ತದೆ. ಇದು ತಾಣದವರು ಸರಿಪಡಿಸಬೇಕಾದ ಲೋಪ. ಅವರನ್ನು ಕಾಯಲಾಗದಿದ್ದರೆ ಎಂಟೆಂಟುಚೌಕ ಅವರು ಹೇಳಿದ ಎರಡನೆಯ ದಾರಿಯಲ್ಲಿ ತಿರುಗಿಸಿದ ಪ್ರತಿಯನ್ನೇ ಏರಿಸಿ. ಅಂಕಿ ಅಳಿದರೂ ಆ ಪ್ರತಿ ಕೆಡುವುದಿಲ್ಲ. ನೋಡುವವರ ಬ್ರೌಸರ್ ಹಳೆಯದಾಗಿದ್ದರೂ ಇದೇ ಬಗೆಯ ಗೊಂದಲವಾಗುತ್ತದೆ. ಕ್ರೋಮ್ 81 ಮತ್ತು ಫೈರ್‌ಫಾಕ್ಸ್ 77, ಎರಡೂ 2020ರವು, ಪುಟದೊಳಗಿನ ಚಿತ್ರಗಳಿಗೂ ಈ ಅಂಕಿಯನ್ನು ತಾವಾಗಿಯೇ ಅನ್ವಯಿಸತೊಡಗಿದವು. ಅದಕ್ಕೂ ಮುಂಚೆ ಒಂದೇ ಫೋಟೋ ಪುಟದೊಳಗೆ ತಲೆಕೆಳಗಾಗಿ, ಪ್ರತ್ಯೇಕ ಟ್ಯಾಬ್‌ನಲ್ಲಿ ತೆರೆದಾಗ ನೆಟ್ಟಗೆ ಕಾಣುತ್ತಿದ್ದುದುಂಟು.

ವಿಡಿಯೋಗಳಿಗೂ ಆಗುತ್ತದೆ. ಅವುಗಳಲ್ಲಿ ಎಕ್ಸಿಫ್ ಅಂಕಿಯ ಬದಲು, ಎಂಪಿ4 ಮತ್ತು ಎಂಒವಿ ಕಡತಗಳ ಚಿತ್ರವಾಹಿನಿಯ ತಲೆಬರಹದಲ್ಲಿ ತಿರುಗುವಿಕೆಯನ್ನು ಹೇಳುವ ಒಂದು ಕೋಷ್ಟಕವಿರುತ್ತದೆ. ಅದನ್ನು ಕಡೆಗಣಿಸುವ ಪ್ಲೇಯರ್‌ನಲ್ಲಿ ವಿಡಿಯೋ ಮಗುಚಿ ಕಾಣುತ್ತದೆ. ಎಫ್ಎಫ್ಎಂಪೆಗ್ ಎಂಬ ಉಚಿತ ವಿಡಿಯೋ ಸಾಧನದಿಂದ ಆ ಕೋಷ್ಟಕವನ್ನಷ್ಟೇ ತಿದ್ದಿದರೆ ಗುಣಮಟ್ಟ ಕೆಡುವುದಿಲ್ಲ. ಚಿತ್ರವನ್ನೇ ತಿರುಗಿಸಬೇಕೆಂದರೆ ಮಾತ್ರ ವಿಡಿಯೋವನ್ನು ಬಿಚ್ಚಿ ಮತ್ತೆ ಒತ್ತಿಡಲೇಬೇಕಾಗುತ್ತದೆ, ಅಲ್ಲಿ ಜೆಪೆಗ್‌ನ ಚೌಕಗಳಂಥ ಅನುಕೂಲವಿಲ್ಲ.