ಹೆಡ್ ಬಿದ್ರೆ ‘ಹೌದು’ ಅನ್ನಿ: ಬ್ಯಾಚ್ ಗ್ರೂಪಿನ ಜಟಾಪಟಿ

(ರಘು ಹಂಚಿದ ಲೇಖನ: ಪರೀಕ್ಷೆಯಲ್ಲಿ ಕಾಪಿ ಹೊಡೆದವರೆಷ್ಟು? ಗುಟ್ಟು ರಟ್ಟಾಗದ ಸರ್ವೆ)

ನಾಗೇಶ: ‘ಕಾಪಿ ಹೊಡೆದಿದೀಯಾ’ ಅಂತ ಕೇಳಿದಾಗ ಯಾರಿಗೂ ತೋರಿಸದೆ ನಾಣ್ಯ ಚಿಮ್ಮಿ, ಹೆಡ್ ಬಿದ್ರೆ ಸುಮ್ನೆ ‘ಹೌದು’ ಅನ್ನಬೇಕಂತೆ, ಟೇಲ್ ಬಿದ್ರೆ ನಿಜ ಹೇಳ್ಬೇಕಂತೆ. ಅರ್ಧ ಜನರ ಬಾಯಲ್ಲಿ ಸುಳ್ಳು ಹೇಳಿಸಿ ಸತ್ಯ ಹುಡುಕೋದು ಯಾವ ಸೀಮೆ ಸರ್ವೆನೋ?

ರಘು: ಲೆಕ್ಕ ಹಾಕು ಮಾರಾಯ. 1000 ಜನ, 600 ‘ಹೌದು’. ಹೆಡ್ ಬಿದ್ದೋರು ಸುಮಾರು 500, ಅವರನ್ನ ಕಳಿ. ಉಳಿದ 500ರಲ್ಲಿ 100 ನಿಜವಾದ ‘ಹೌದು’. 20 ಪರ್ಸೆಂಟ್. ಯಾರು ಅಂತ ಕೇಳಿದವನಿಗೂ ಗೊತ್ತಾಗಲ್ಲ. ಈ ಜಾತಿ ಉಪಾಯಕ್ಕೆ 1965ರಲ್ಲೇ ಸ್ಟ್ಯಾನ್ಲಿ ವಾರ್ನರ್ ಅನ್ನೋ ಸಂಶೋಧಕ ದಾರಿ ಹಾಕಿಟ್ಟಿದ್ದು.

ಸುಧಾ: ಅನುಮಾನ ಜಾಸ್ತಿ ಆಗುತ್ತಲ್ಲೋ. ಹೆಡ್ ಬಿದ್ದೋರಲ್ಲೂ ಕಾಪಿಯವರು 100 ಇರ್ತಾರೆ. ಅಲ್ಲಿಗೆ ‘ಹೌದು’ ಅಂದ 600ರಲ್ಲಿ 200. ಮೊದಲು 5ಕ್ಕೆ 1 ಇದ್ದ ಅನುಮಾನ ಈಗ 3ಕ್ಕೆ 1. ‘ಇಲ್ಲ’ ಅಂದೋನು ಮಾತ್ರ ಪೂರ್ತಿ ಪಾರು. ಕಾಪಿ ಹೊಡೀದೋನು ಹೆಡ್ ಬಿತ್ತು ಅಂತ ಯಾಕೆ ತಲೆ ಕೊಡ್ತಾನೆ?

ರಘು: ನಿಯಮ ಅಂದ್ಮೇಲೆ ನಿಯಮ.

ಸುಧಾ: ಇಂಥದೇ ಫಾರ್ಮ್ ಒಂದ್ಸಲ ನಾನೂ ತುಂಬಿದೀನಿ. ಹೆಡ್ ಬಿತ್ತು. ಪೆನ್ನು ‘ಹೌದು’ ಡಬ್ಬಿ ಮೇಲೆ ಒಂದು ಚುಕ್ಕಿ ಇಟ್ಟು ನಿಂತ್ಬಿಡ್ತು. ‘ಇಲ್ಲ’ಕ್ಕೆ ಟಿಕ್ ಹಾಕಿ ಎದ್ದು ಬಂದೆ.

ಪ್ರಭಾ: ಅದಕ್ಕೇ ಪಟ್ಟಿ ವಿಧಾನ ವಾಸಿ. ಒಂದು ಗುಂಪಿಗೆ 4 ಸಾದಾ ವಾಕ್ಯ, ಇನ್ನೊಂದಕ್ಕೆ ಅದೇ 4, ಜೊತೆಗೆ ‘ಕಾಪಿ ಹೊಡೆದಿದೀನಿ’ ಅನ್ನೋ ಗುಟ್ಟಿನದೊಂದು. ಯಾವುದು ಅಂತ ಹೇಳೋ ಹಾಗಿಲ್ಲ, ಎಷ್ಟು ನಿಜ ಅಂತ ಮಾತ್ರ. ಸರಾಸರಿ 2.1, 2.3 ಬಂದ್ರೆ ವ್ಯತ್ಯಾಸ 0.2, ಅಂದ್ರೆ 20 ಪರ್ಸೆಂಟ್.

ಸುಧಾ: 5 ಅಂತ ಬರೆದೋನು ಸಿಕ್ಕಿಬಿದ್ದ!

ಪ್ರಭಾ: ನಾಲ್ಕೂ ಒಬ್ಬರಿಗೇ ಹೊಂದದ ಹಾಗೆ ಆರಿಸಬೇಕು. ಕಷ್ಟ ಇರೋದೇ ಅಲ್ಲಿ.

ನಾಗೇಶ: ಇಷ್ಟು ಸರ್ಕಸ್ ಯಾಕೆ? ಹೆಸರಿಲ್ಲದ ಚೀಟಿ ಡಬ್ಬಿಗೆ ಹಾಕಿಸಿ.

ಪ್ರಭಾ: ಎಷ್ಟೋ ಕಡೆ ಅಷ್ಟೇ ಸಾಕು. ಎದುರಿಗೆ ಕೂತು ಕೇಳುವಾಗ, ಬರೆಯೋಕೆ ಬಾರದವರನ್ನ ಕೇಳುವಾಗ ಚೀಟಿ ನಡೆಯಲ್ಲ. ನಾಣ್ಯವೂ ಪುಕ್ಕಟೆ ಅಲ್ಲ ರಘು. ನಿನ್ನ ಉದಾಹರಣೇಲಿ, ಎಲ್ಲರೂ ನೇರವಾಗಿ ನಿಜ ಹೇಳಿದ್ರೆ ಸಿಗೋ ನಿಖರತೆಗೆ 6 ಪಟ್ಟು ಜನ ಬೇಕು.

ರಘು: ಇಲ್ಲೇ ಮಾಡೋಣ. 40 ಜನ ಇದೀವಿ. ನಾಣ್ಯ ತೆಗೀರಿ, ಉತ್ತರ ಹಾಕಿ.

(ಅರ್ಧ ಗಂಟೆ ಬಿಟ್ಟು)

ರಘು: 18 ‘ಹೌದು’, 22 ‘ಇಲ್ಲ’. ಲೆಕ್ಕ… ಮೈನಸ್ 10 ಪರ್ಸೆಂಟ್.

ನಾಗೇಶ: ಅಂದ್ರೆ ನಾಲ್ಕು ಜನ ಕಾಪಿ ಹೊಡೆದದ್ದನ್ನ ವಾಪಸ್ ಕೊಟ್ಟಿದಾರೆ 😂

ಪ್ರಭಾ: 40 ಜನಕ್ಕೆ ನಾಣ್ಯದ ಏರುಪೇರೇ ಅಷ್ಟಾಗುತ್ತೆ.

ಸುಧಾ: ಹೆಡ್ ಬಿದ್ದೂ ‘ಇಲ್ಲ’ ಅಂದೋರು ಇದ್ರೆ ಕೈ ಎತ್ತಿ ನೋಡೋಣ.

ನಾಗೇಶ: ಅದಕ್ಕೂ ನಾಣ್ಯ ಚಿಮ್ಮಬೇಕಾ?