ಲೋ ಮಾಡಿದ ಪದ್ಮಿನಿಯ ಟಯರ್ ಮಡ್‌ಗಾರ್ಡಿಗೆ ಉಜ್ಜುತ್ತದೆ, ಕಟ್ ಮಾಡಿಸ್ಬೇಕಾ?

ಪ್ರಶ್ನೆ (ಪೆರ್ಲದಿಂದ):
ಅಣ್ಣ ನಮಸ್ಕಾರ. ನನ್ನತ್ರ 1986ರ ಪ್ರೀಮಿಯರ್ ಪದ್ಮಿನಿ ಉಂಟು, ಮಾವನ ಕಾರು, ನನಗೆ ಬರುವಾಗ್ಲೇ ಲೋ ಮಾಡಿ, ಅಂದ್ರೆ ಬಾಡಿ ಕೆಳಗೆ ಇಳಿಸಿ ಆಗಿತ್ತು. ಎದುರಿನ ಕಾಯಿಲ್ ಸ್ಪ್ರಿಂಗ್ ಕಟ್ ಮಾಡಿದ್ದಾರೆ, ಹಿಂದೆ ಲೀಫ್ ಪ್ಲೇಟಿಗೂ (ಪಟ್ಟಿ ಸ್ಪ್ರಿಂಗ್) ಆಕ್ಸಲಿಗೂ ನಡುವೆ ಕಬ್ಬಿಣದ ಬ್ಲಾಕ್ ಇಟ್ಟಿದ್ದಾರೆ. ನಾನು ಅದಕ್ಕೆ 14 ಇಂಚಿನ ಅಲಾಯ್ ಹಾಕಿ 185/65 ಟಯರ್ ಹಾಕಿಸಿದೆ. ಈಗ ಹಿಂದೆ ಎರಡು ಜನ ಕೂತ್ರೆ ಎಡಗಡೆ ಹಿಂದಿನ ಟಯರ್ ಕರ್ ಕರ್ ಅಂತ ಉಜ್ಜುತ್ತದೆ, ಬದಿಯಡ್ಕ ದಾರಿಯ ಹಂಪಲ್ಲಂತೂ ಕೇಳುದೇ ಬೇಡ. ಅಂಗಳದಲ್ಲಿ ರಿವರ್ಸ್ ತಗೊಳ್ಳುವಾಗ ಸ್ಟೇರಿಂಗ್ ಪೂರ್ತಿ ತಿರುಗಿಸಿದ್ರೆ ಎದುರು ಸಹ ತಾಗ್ತದೆ. ಟಿಂಕರಿಂಗಿನವರು ಮಡ್‌ಗಾರ್ಡಿನ ಅಂಚು ಗ್ರೈಂಡರಲ್ಲಿ ತೆಗಿವ ಅಂತ ಹೇಳ್ತಿದ್ದಾರೆ. ಮಾವನಿಗೆ ಗೊತ್ತಾದ್ರೆ ಮನೆಗೆ ಸೇರಿಸ್ಲಿಕ್ಕಿಲ್ಲ. ಎಂತ ಮಾಡುದು?

ಉತ್ತರ (ಗ್ಯಾರೇಜು, ಕುಂಬಳೆ):
ಗ್ರೈಂಡರ್ ಮುಟ್ಲಿಕ್ಕೆ ಬಿಡ್ಬೇಡಿ, ಮೊದಲು ಅದೊಂದು. ಆ ಅಂಚಲ್ಲಿ ಹೊರಗಿನ ತಗಡು ಒಳಗಿನ ತಗಡು ಎರಡೂ ಮಡಚಿ ಸ್ಪಾಟ್ ವೆಲ್ಡ್ ಆಗಿರ್ತದೆ, ಅದನ್ನು ಕಡಿದ್ರೆ ಜೋಡಣೆ ಬಿಟ್ಟು ಒಳಗೆ ನೀರು ನುಗ್ತದೆ. ನಮ್ಮಲ್ಲಿ ಸಮುದ್ರದ ಗಾಳಿ, ಅದರ ಮೇಲೆ ನಾಲ್ಕು ತಿಂಗಳ ಮಳೆ, ಎರಡು ಮಳೆಗಾಲ ಕಳೆಯುವಾಗ ಮಡ್‌ಗಾರ್ಡಿನ ಕೆಳಗಿಂದ ಕಂದು ನೀರು ಇಳೀಲಿಕ್ಕೆ ಶುರು ಆಗ್ತದೆ.

ಉಜ್ಜುತ್ತದೆ ಅಂತ ಹೇಳಿದ್ರೆ ಸಾಲದು, ಎಲ್ಲಿ ಉಜ್ಜುತ್ತದೆ ಅಂತ ಗೊತ್ತಾಗ್ಬೇಕು. ಟಯರಿನ ಹೊರಗಿನ ಭುಜಕ್ಕೆ, ಒಳಗಿನ ಗೋಡೆಗೆ, ಮೇಲೆ ತುಳಿಯುವ ಜಾಗಕ್ಕೆ, ಮೂರು ಕಡೆಗೂ ಸೀಮೆಸುಣ್ಣ ದಪ್ಪ ಬಳೀರಿ. ಹಿಂದೆ ಎರಡು ಜನ ಕೂರಿಸಿ ಅದೇ ಹಂಪಲ್ಲಿ ಒಮ್ಮೆ ಹತ್ತಿಸಿ ಇಳಿಸಿ, ಬಂದು ಟಾರ್ಚ್ ಹಾಕಿ ನೋಡಿ, ಎಲ್ಲಿ ಒರೆಸಿ ಹೋಗಿದೆಯೋ ಅಲ್ಲೇ ಕಾಯಿಲೆ. ಮಡ್‌ಗಾರ್ಡಿನ ಒಳಗೆ ಹೊಳೆಯುವ ಜಾಗ ಸಹ ಕಾಣ್ತದೆ, ಅಲ್ಲಿ ಕೆಸರು ನಿಲ್ಲುದಿಲ್ಲ.

ಇನ್ನೊಂದು, ತಿರುವಲ್ಲಿ ಕಿವಿ ಕೊಡಿ. ಬಲಕ್ಕೆ ತಿರುಗಿದಾಗ ಬಾಡಿ ಎಡಕ್ಕೆ ವಾಲ್ತದೆ, ಆಗ ಎಡಗಡೆ ಉಜ್ಜಿದ್ರೆ ಗಾಡಿ ಕೆಳಗೆ ಕೂತದ್ದರಿಂದ. ಬಲಕ್ಕೆ ತಿರುಗಿದಾಗ ಬಲಗಡೆಯೇ ಉಜ್ಜಿದ್ರೆ ಅದು ಬೇರೆ ವಿಷಯ, ಟಯರು ರೋಡನ್ನು ಹಿಡ್ಕೊಂಡಿರ್ತದೆ, ಬಾಡಿ ಹೊರಗೆ ಜಾರ್ತದೆ, ಅಂದ್ರೆ ಆಕ್ಸಲ್ ಅಡ್ಡಕ್ಕೆ ಆಡ್ತಾ ಉಂಟು. ಪದ್ಮಿನಿಯಲ್ಲಿ ಹಿಂದಿನ ಆಕ್ಸಲನ್ನು ಅಡ್ಡಕ್ಕೆ ಹಿಡಿದಿಡುದು ಲೀಫ್ ಪ್ಲೇಟೇ, ಅದರ ತುದಿಯ ರಬ್ಬರ್ ಬುಷ್ ಹೋದ್ರೆ ಮುಗೀತು. ಇದನ್ನು ನೋಡದೆ ಮಡ್‌ಗಾರ್ಡ್ ಕಡಿಸಿದವರು ತುಂಬ ಜನ ಇದ್ದಾರೆ, ಕಡಿಸಿದ ಮೇಲೂ ಉಜ್ಜುತ್ತದೆ ಅಂತ ನನ್ನತ್ರ ಬರ್ತಾರೆ.

ಸಮ ಜಾಗದಲ್ಲಿ ನಿಲ್ಲಿಸಿ ಮಡ್‌ಗಾರ್ಡಿನ ಅಂಚಿಂದ ದಾರಕ್ಕೆ ಒಂದು ನಟ್ ಕಟ್ಟಿ ಇಳಿಬಿಡಿ, ದಾರಕ್ಕೂ ಟಯರಿಗೂ ಎಷ್ಟು ಜಾಗ ಅಂತ ಎರಡೂ ಕಡೆ ಅಳೆದು ಹಾಕಿ. ಎದುರಿನ ಚಕ್ರದ ನಡುವಿಂದ ಹಿಂದಿನ ಚಕ್ರದ ನಡುವಿಗೂ ಅಳೀರಿ, ಕಂಪನಿ ಲೆಕ್ಕ 2340 ಮಿಲಿಮೀಟರ್, ಎರಡೂ ಕಡೆ ಒಂದೇ ಬರ್ಬೇಕು.

ಪ್ರಶ್ನೆ (ಪೆರ್ಲದಿಂದ):
ಅಳೆದೆ ಅಣ್ಣ. ಎಡಕ್ಕೆ 11 ಮಿಲಿಮೀಟರ್, ಬಲಕ್ಕೆ 19. ಉದ್ದ ಎರಡೂ ಕಡೆ ಸರಿ ಉಂಟು. ಸುಣ್ಣ ಹೋದದ್ದು ಎಡಗಡೆ ಹೊರಗಿನ ಭುಜದಲ್ಲಿ ಮಾತ್ರ, ಒಳಗೆ ಹಾಗೇ ಉಂಟು. ಅಡಿಗೆ ನುಗ್ಗಿ ನೋಡಿದ್ರೆ ಎಡಗಡೆ ಶ್ಯಾಕಲಿನ (ಪ್ಲೇಟಿನ ತುದಿ ನೇತಾಡುವ ಕೊಂಡಿ) ಬುಷ್ ರಬ್ಬರ್ ಹೊರಗೆ ಬಂದು ನೇತಾಡ್ತಿದೆ. ಮತ್ತೆ ಆಕ್ಸಲಿನ ಮೇಲೆ ಬಲಗಡೆ ಒಂದು ರಬ್ಬರ್ ಗಡ್ಡೆ ಉಂಟಲ್ಲ, ಎಡಗಡೆ ಅದು ಇಲ್ಲವೇ ಇಲ್ಲ, ಬರೀ ತುಕ್ಕು.

ಉತ್ತರ:
ಸಿಕ್ಕಿತಲ್ಲ. ಆ ಗಡ್ಡೆ ಬಂಪ್ ಸ್ಟಾಪ್ ಮಾರಾಯ್ರೆ. ಟಯರು ಮೇಲೆ ಹೋಗಿ ಮಡ್‌ಗಾರ್ಡಿಗೆ ಬಡಿಯುವ ಮೊದಲು ಆಕ್ಸಲನ್ನು ತಡೀಲಿಕ್ಕೆ ಇರುದೇ ಅದು. ಲೋ ಮಾಡಿದ ಗಾಡಿಗೆ ಅದು ಇನ್ನೂ ಹೆಚ್ಚು ಬೇಕು, ನಿಮ್ಮದರಲ್ಲಿ ಇಲ್ಲವೇ ಇಲ್ಲ, ಮತ್ತೆ ಉಜ್ಜದೆ ಎಂತ ಮಾಡ್ತದೆ. ಎರಡೂ ಕಡೆ ಹೊಸತು ಹಾಕಿ.

ಲೆಕ್ಕ ನೋಡಿ, 19ರಲ್ಲಿ 11 ಕಳೆದ್ರೆ 8, ಅದರ ಅರ್ಧ 4. ಆಕ್ಸಲ್ ನಾಲ್ಕು ಮಿಲಿಮೀಟರ್ ಎಡಕ್ಕೆ ಸರಿದಿದೆ. ಬುಷ್ ಎರಡೂ ಕಡೆ ಎಲ್ಲವನ್ನೂ ಬದಲಿಸಿ, ಎಡದ್ದು ಮಾತ್ರ ಅಂತ ಪಿಟ್ಟಾಸು ಮಾಡ್ಬೇಡಿ. ಬದಲಿಸುವಾಗ ಮೆಕ್ಯಾನಿಕಿಗೆ ಒಂದು ಮಾತು ಹೇಳಿ, ಶ್ಯಾಕಲ್ ಬೋಲ್ಟ್ ಕೊನೆಯ ಟೈಟ್ ಕೊಡುದು ಗಾಡಿ ಜಾಕಿಯಿಂದ ಇಳಿದು ನೆಲದಲ್ಲಿ ನಿಂತ ಮೇಲೆ. ಮೇಲೆ ನೇತಾಡುವಾಗಲೇ ಟೈಟ್ ಮಾಡಿದ್ರೆ ರಬ್ಬರ್ ತಿರುಚಿಕೊಂಡೇ ಕೂತುಬಿಡ್ತದೆ, ಬೇಗ ಹರೀತದೆ. ಆ ಬ್ಲಾಕನ್ನು ಸಹ ನೋಡಿ, ಕೆಳಗಿನ ಪಿನ್ನು ತೂತಲ್ಲಿ ಸರಿ ಕೂತಿರ್ಬೇಕು, ಪ್ಲೇಟನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟ್ ಉದ್ದ ಸಾಕಷ್ಟು ಇರ್ಬೇಕು, ಸ್ವಲ್ಪ ಓಡಿಸಿದ ಮೇಲೆ ಇನ್ನೊಮ್ಮೆ ಟೈಟ್ ಮಾಡ್ಬೇಕು. ಎರಡು ಬ್ಲಾಕ್ ಒಂದರ ಮೇಲೊಂದು ಇಟ್ಟಿದ್ರೆ ಆ ಗಾಡಿ ಓಡಿಸ್ಲೇಬೇಡಿ.

ಇಷ್ಟು ಮಾಡಿದ್ರೂ ಎಡಗಡೆ ಜಾಗ 15 ಆಗ್ತದೆ, ಜನ ತುಂಬಿದ ಗಾಡಿಗೆ ಅದು ಸಾಲುದಿಲ್ಲ. ಟಯರಿನ ವಿಷಯಕ್ಕೆ ಬರುವ. ಪದ್ಮಿನಿಗೆ ಕಂಪನಿಯಿಂದ ಬಂದದ್ದು 5.20-14, ಅಂದ್ರೆ 132 ಮಿಲಿಮೀಟರ್ ಅಗಲ. ನೀವು ಹಾಕಿದ್ದು 185. ಐವತ್ತಮೂರು ಹೆಚ್ಚು ಅಗಲದ ಟಯರನ್ನು ತಂದು ಅದೇ ಗೂಡಿಗೆ ತುರುಕಿದ್ರೆ ಅದು ಎಲ್ಲಿಗೆ ಹೋಗ್ಬೇಕು? 165/70 ಆರ್ 14 ಹಾಕಿ. ಅಗಲ 20 ಕಡಿಮೆ, ಒಂದೊಂದು ಪಕ್ಕಕ್ಕೆ 10 ಸಿಗ್ತದೆ, ಎಡಗಡೆ 25 ಆಯ್ತು. ಎತ್ತರವೂ 596ರಿಂದ 587ಕ್ಕೆ ಇಳೀತದೆ, ಮೇಲೆ ಸ್ವಲ್ಪ ಜಾಗ. ಲೋಡ್ ಇಂಡೆಕ್ಸ್ 81 ನೋಡಿ ತಗೊಳ್ಳಿ, ಅದು ಒಂದು ಟಯರಿಗೆ 462 ಕಿಲೋ, ಪದ್ಮಿನಿಗೆ ಧಾರಾಳ. ಸ್ಪೀಡೋಮೀಟರ್ ಇದ್ದದ್ದಕ್ಕಿಂತ ಸ್ವಲ್ಪ ಹೆಚ್ಚು ತೋರಿಸ್ತದೆ, ಅದರಿಂದ ನಷ್ಟ ಇಲ್ಲ.

ಈಗ ಎದುರು. ಕಟ್ ಮಾಡಿದ ಸ್ಪ್ರಿಂಗ್ ಬಗ್ಗೆ ನನಗೆ ಉಜ್ಜುದಕ್ಕಿಂತ ಹೆಚ್ಚು ಹೆದರಿಕೆ. ಎದುರು ಬಾಡಿ ಜಾಕಿಯಲ್ಲಿ ಎತ್ತಿ ಸ್ಟ್ಯಾಂಡ್ ಕೊಟ್ಟು ಚಕ್ರ ನೇತಾಡ್ಲಿಕ್ಕೆ ಬಿಡಿ, ಸ್ಪ್ರಿಂಗನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ತಿರುಗಿದ್ರೆ ಅಥವಾ ಕಟಕಟ ಅಂದ್ರೆ ಅದು ಗುಂಡಿಯಲ್ಲಿ ಸೀಟಿಂದ ತಪ್ಪಿ ಹೋಗುವ ಜಾತಿ. ಗ್ಯಾಸಲ್ಲಿ ಕಡಿದದ್ದಾದ್ರೆ ತುದಿಯ ಹತ್ತಿರದ ಉಕ್ಕಿನ ಟೆಂಪರ್ (ಹದ) ಸಹ ಹೋಗಿರ್ತದೆ. ಒರಿಜಿನಲ್ ಉದ್ದದ ಸ್ಪ್ರಿಂಗ್ ಹುಡುಕಿ ಹಾಕಿ, ಎದುರು ಸ್ವಲ್ಪ ಎತ್ತರ ಆದ್ರೆ ಆಗ್ಲಿ.

ಪೂರ್ತಿ ತಿರುಗಿಸಿದಾಗ ತಾಗುದು ಅಲಾಯಿನ ಆಫ್‌ಸೆಟ್‌ನಿಂದ ಇರ್ಬಹುದು, ಅಂದ್ರೆ ಚಕ್ರ ಎಷ್ಟು ಒಳಗೆ ಎಷ್ಟು ಹೊರಗೆ ಕೂರ್ತದೆ ಅನ್ನುದು. ಚಕ್ರ ಹೊರಗೆ ಕೂತಷ್ಟು ತಿರುಗುವಾಗ ದೊಡ್ಡ ಸುತ್ತು ಹೊಡೆದು ಮಡ್‌ಗಾರ್ಡಿನ ಹಿಂದಿನ ಮೂಲೆಗೆ ಬಡೀತದೆ. ಅದಕ್ಕೆ ಸ್ಪೇಸರ್ (ಚಕ್ರವನ್ನು ಹೊರಗೆ ತಳ್ಳುವ ಬಿಲ್ಲೆ) ಹಾಕಿದ್ರೆ ಇನ್ನೂ ಹಾಳು. ಮೊದಲು ಕಿಂಗ್ ಪಿನ್ (ಎದುರಿನ ಚಕ್ರ ತಿರುಗುವ ಕೀಲಿನ ಪಿನ್ನು) ಸಡಿಲ ಆಡ್ತದಾ ಅಂತ ನೋಡಿಸಿ, ಟಯರ್ 165 ಆದ ಮೇಲೂ ಒಂದು ಕೂದಲೆಳೆ ತಾಗ್ತದೆ ಅಂತಾದ್ರೆ ಸ್ಟೇರಿಂಗ್ ಸ್ಟಾಪ್ ಒಂಚೂರು ಮೊದಲೇ ಹಿಡಿಯುವ ಹಾಗೆ ಮಾಡುವ, ತಿರುಗುವ ಜಾಗ ಸ್ವಲ್ಪ ಹೆಚ್ಚು ಬೇಕಾಗ್ತದೆ ಅಷ್ಟೆ. ಎಲ್ಲ ಆದ ಮೇಲೆ ಅಲೈನ್‌ಮೆಂಟ್, ಯಾಕಂದ್ರೆ ಎದುರು ಇಳಿದಾಗ ಚಕ್ರದ ತಲೆ ಒಳಗೆ ವಾಲಿ ಟಯರಿನ ಒಳಪಕ್ಕ ಸವೀತದೆ.

ಪ್ರಶ್ನೆ (ಮುಳ್ಳೇರಿಯ):
ನಡುವೆ ಬಾಯಿ ಹಾಕಿದ್ದಕ್ಕೆ ಸಾರಿ. ಕಡಿಯುದು ಬೇಡ ಸರಿ, ಅಂಚನ್ನು ಒಳಗೆ ಮಡಚುದು ಆಗುದಿಲ್ವ? ನನ್ನ ಫ್ರೆಂಡ್ ಕ್ರಿಕೆಟ್ ಸ್ಟಂಪ್ ಇಟ್ಟು ಗಾಡಿ ಮುಂದೆ ಹಿಂದೆ ಉರುಳಿಸಿ ಮಡಚಿದ.

ಉತ್ತರ:
ಸ್ಟಂಪಲ್ಲಿ ಮಡಚಿದ ಮಡ್‌ಗಾರ್ಡ್ ನಾನು ನೋಡಿದ್ದೇನೆ, ಉಬ್ಬು ತಗ್ಗು ಉಬ್ಬು ತಗ್ಗು. ಮಡಚುದಾದ್ರೆ ಚಕ್ರ ಕೂರುವ ಹಬ್‌ಗೆ ಬೋಲ್ಟ್ ಮಾಡುವ ರೋಲರಲ್ಲಿ, ಹೀಟ್ ಗನ್ನಲ್ಲಿ ಪೇಂಟ್ ಬಿಸಿ ಮಾಡಿ ಮಾಡಿ, ಸ್ವಲ್ಪ ಸ್ವಲ್ಪವೇ ಒತ್ತಿ. ಅದಕ್ಕಿಂತ ಮೊದಲು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ ತಂದು ಅಂಚಿನುದ್ದಕ್ಕೂ ಹಿಡೀರಿ, ಎಲ್ಲಿ ಅಂಟುದಿಲ್ವೋ ಅಲ್ಲಿ ಅಡಿಯಲ್ಲಿ ಪುಟ್ಟಿ. ಇಲ್ಲಿಯ ಹಳೆ ಪದ್ಮಿನಿಗಳಲ್ಲಿ ಎಷ್ಟೋ ಸಲ ತಗಡಿಗಿಂತ ಪುಟ್ಟಿಯೇ ಹೆಚ್ಚು, ಮಡಚಿದ ಕೂಡ್ಲೆ ಹಪ್ಪಳದ ಹಾಗೆ ಎದ್ದು ಬರ್ತದೆ. ಮಡಚಿದ ಮೇಲೆ ಒಳಗಿನ ಸಂದಿಗೆ ಸೀಲರ್ ಬಿಡದೆ ಹಾಕ್ಬೇಕು. ಪೆರ್ಲದವರಿಗೆ ಇದು ಬೇಕಾಗ್ಲಿಕ್ಕಿಲ್ಲ ಅಂತ ನನ್ನ ಲೆಕ್ಕ.

ಪ್ರಶ್ನೆ (ಉಪ್ಪಳ):
ಲೋ ಮಾಡಿದ್ರೆ ಆರ್‌ಟಿಒದವರು ಹಿಡೀತಾರಾ? ನಮ್ಮದು ಕೆಎಲ್ 14, ಕಾಸರಗೋಡಿನ ನಂಬರ್. ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋದ್ರೆ ಯಾರೂ ಕೇಳುದಿಲ್ಲ ಅಂತಾರೆ.

ಉತ್ತರ:
ಕಾನೂನು ಎರಡೂ ಕಡೆ ಒಂದೇ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಕೇರಳದಿಂದ ಹೋದ ಒಂದು ಕೇಸಲ್ಲೇ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಕಂಪನಿಯವರ ಮೂಲ ಸ್ಪೆಸಿಫಿಕೇಶನಿಗಿಂತ ಬೇರೆ ಆಗುವ ಹಾಗೆ ಗಾಡಿ ಬದಲಿಸ್ಲಿಕ್ಕಿಲ್ಲ ಅಂತ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ ಬಂತು, ಆರು ತಿಂಗಳವರೆಗೆ ಜೈಲಿಗೂ ಅವಕಾಶ ಉಂಟು. ಹಳೆ ಕಾರಿಗೆ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂವಲಿಗೆ ಗಾಡಿ ತಗೊಂಡು ಹೋಗ್ಲೇಬೇಕು, ಕತ್ತರಿಸಿದ ಸ್ಪ್ರಿಂಗ್, ಬಾಡಿಯಿಂದ ಹೊರಗೆ ಬಂದ ಟಯರು ಅಲ್ಲಿ ಮೊದಲು ಕಣ್ಣಿಗೆ ಬೀಳ್ತದೆ. ಅದಕ್ಕೇ ಹಳೆ ಸ್ಪ್ರಿಂಗ್, ಚಕ್ರದ ಹಳೆ ಡಿಸ್ಕ್ ಗುಜಿರಿಗೆ ಕೊಡ್ಬೇಡಿ ಅಂತ ಎಲ್ಲರಿಗೂ ಹೇಳುದು.

ಪ್ರಶ್ನೆ (ಪೆರ್ಲದಿಂದ):
ಥ್ಯಾಂಕ್ಸ್ ಅಣ್ಣ. ಹಳೆ ಸ್ಪ್ರಿಂಗ್ ಮಾವನ ಕೊಟ್ಟಿಗೆಯ ಅಟ್ಟದಲ್ಲಿ ಉಂಟಂತೆ, ಅತ್ತೆ ಹೇಳಿದ್ರು. ಕೊನೆಗೊಂದು, ಈಗಿನ 185 ಟಯರ್ ಮಾರ್ಬಹುದಾ? ಎಡಗಡೆದು ಭುಜದಲ್ಲಿ ಸ್ವಲ್ಪ ಕೆತ್ತಿ ಹೋಗಿದೆ.

ಉತ್ತರ:
ಕೆತ್ತಿದ ಜಾಗಕ್ಕೆ ಉಗುರು ಹಾಕಿ ಅಗಲಿಸಿ ನೋಡಿ. ಒಳಗೆ ನೂಲು ಕಂಡ್ರೆ ಅಥವಾ ಪಕ್ಕದಲ್ಲಿ ಉಬ್ಬು ಇದ್ರೆ ಮಾರುದೂ ಬೇಡ ಸ್ಟೆಪ್ನಿ ಮಾಡುದೂ ಬೇಡ, ಅದು ಗುಜಿರಿಗೆ. ಉಳಿದ ಮೂರನ್ನು ಕೊಡಿ. ಸ್ಪ್ರಿಂಗ್ ಸಿಕ್ಕಿದ್ರೆ ಹಾಕುವ ಮೊದಲು ಫೋಟೋ ಕಳಿಸಿ, ಅಟ್ಟದಲ್ಲಿ ಇದ್ದದ್ದು ತುಕ್ಕು ತಿಂದು ಗುಳಿ ಬಿದ್ದಿದ್ರೆ ಅದೂ ಬೇಡ.